ಎಣ್ಣೆ ಮಿಲ್ಲು ನಡೆಸುತ್ತ ಬರೆಯುವುದರಿಂದ ಏನು ಸಿಗುತ್ತದೆ?

ಉಡುಪಿ ಬಳಿಯ ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ನಮ್ಮ ಸಣ್ಣ ತೆಂಗಿನೆಣ್ಣೆ ಮಿಲ್ಲಿಗೆ ಬರುವವರಲ್ಲಿ ತಿಂಗಳಿಗೆ ನಾಲ್ಕೈದು ಮಂದಿಯಾದರೂ, ಎಣ್ಣೆಯ ಕ್ಯಾನು ಕೈಗೆ ಬಂದು ಚಿಲ್ಲರೆ ಎಣಿಸಿಕೊಳ್ಳುವ ಹೊತ್ತಿಗೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: "ನೀವು ಎಣ್ಣೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆಯುವುದನ್ನು ಓದ್ತೇನೆ. ಅದರಿಂದ ವ್ಯಾಪಾರ ಹೆಚ್ಚಾಯಿತಾ ಮಾರಾಯ್ರೆ?" ಕೇಳಿದವರು ಹಪ್ಪಳವೋ ಜೇನೋ ಉಪ್ಪಿನಕಾಯಿಯೋ ಮಾಡಿ ಮಾರಲು ಈಗಷ್ಟೇ ತೊಡಗಿದ ತರುಣರಾಗಿದ್ದರೆ, ಇದಕ್ಕೆಲ್ಲ ಹೊತ್ತು ಎಲ್ಲಿಂದ ಸಿಗುತ್ತದೆ ಎಂಬ ಇನ್ನೊಂದು ಪ್ರಶ್ನೆಯೂ ಜೊತೆಗಿರುತ್ತದೆ. ಹಿಂದೆ ನಿಂತವರು ಕಾಯುತ್ತಿರುವಾಗ ನಾನು ನಕ್ಕು ಸುಮ್ಮನಾಗುತ್ತೇನೆ. ಇಲ್ಲಿ ಅಂಥ ಅವಸರವಿಲ್ಲದ ಕಾರಣ ಉತ್ತರವನ್ನು ಪೂರ್ತಿಯಾಗಿ ಹೇಳಬಹುದು.

ಮೊದಲು ಲೆಕ್ಕ. ಬರೆಯಲು ಆರಂಭಿಸಿದ ಮೊದಲ ಎರಡು ವರ್ಷಗಳಲ್ಲಿ, ಓದಿ ಬಂದೆವು ಎಂದು ಹೇಳಿ ಎಣ್ಣೆ ಕೊಂಡವರು ಹನ್ನೊಂದು ಮಂದಿ. ಬಿಲ್ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ಎಣಿಸಿಟ್ಟಿದ್ದೇನೆ. ಅವರಲ್ಲಿ ಮೂವರು ನನ್ನ ಹೆಂಡತಿಯ ತವರಿನ ಕಡೆಯವರು. ಅಷ್ಟು ಬರೆಯಲು ತಗಲಿದ ಗಂಟೆಗಳಿಗೆ ಮಿಲ್ಲಿನ ಆಳಿನ ಕೂಲಿಯ ದರವನ್ನು ಕಟ್ಟಿದರೆ, ಪೇಟೆಯ ನಾಲ್ಕು ಕಡೆ ಬೋರ್ಡು ಹಾಕಿಸಿದ್ದರೆ ಅಗ್ಗವಾಗುತ್ತಿತ್ತು. ಆದುದರಿಂದ ಗಿರಾಕಿಗಳನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿಯೇ ಬರೆಯುತ್ತೇನೆ ಎನ್ನುವವರಿಗೆ ನಾನು ಪ್ರೋತ್ಸಾಹ ಕೊಡುವುದಿಲ್ಲ.

ಗಿರಾಕಿಗಳು ಬಾರದೆ ಇದ್ದುದಕ್ಕೆ ನನ್ನ ಮೊದಲ ವರ್ಷದ ಬರಹಗಳೂ ಕಾರಣ. ಆಗ ನಾನು ಬರೆದದ್ದೆಲ್ಲ ತೆಂಗಿನೆಣ್ಣೆಯ ಮಹಿಮೆ: ಕೊಬ್ಬು ಕರಗುತ್ತದೆ, ಹೃದಯಕ್ಕೆ ಒಳ್ಳೆಯದು, ಮರೆವು ಬಾರದು. ಯಾವುದೂ ನಾನು ಕಂಡದ್ದಲ್ಲ. ಅವರಿವರು ಹೇಳಿದ್ದನ್ನು ಅಂದವಾದ ವಾಕ್ಯಗಳಲ್ಲಿ ಇಳಿಸಿದ್ದೆ. ವರ್ಷಗಳಿಂದ ನಮ್ಮಲ್ಲೇ ಎಣ್ಣೆ ಕೊಳ್ಳುವ ವೈದ್ಯರೊಬ್ಬರು ಒಂದು ದಿನ ಕ್ಯಾನನ್ನು ಕೆಳಗಿಟ್ಟು, ತೆಂಗಿನೆಣ್ಣೆಯಲ್ಲಿ ಶೇ. 90ರ ಆಸುಪಾಸು ಇರುವುದು ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲದ ಸ್ಯಾಚುರೇಟೆಡ್ ಕೊಬ್ಬು, ರುಚಿಗಾಗಿ ತಿನ್ನಿ ಎಂದು ಬರೆಯಿರಿ, ಔಷಧವೆಂದು ಬರೆಯಬೇಡಿ ಎಂದು ಮೆಲ್ಲಗೆ ಹೇಳಿಹೋದರು. ಅಂದು ರಾತ್ರಿಯೇ ಆ ಬರಹಗಳನ್ನೆಲ್ಲ ತೆಗೆದುಹಾಕಿದೆ. ಅವರು ಈಗಲೂ ಬರುತ್ತಾರೆ, ಎರಡು ಲೀಟರ್ ಒಯ್ಯುತ್ತಾರೆ.

ಮಹಿಮೆಯನ್ನು ತೆಗೆದ ಮೇಲೆ ಬರೆಯಲು ಏನೂ ಉಳಿಯದು ಎಂದುಕೊಂಡಿದ್ದೆ. ಉಳಿದದ್ದು ಕೌಂಟರಿನ ಮುಂದೆ ದಿನವೂ ಕೇಳಿಬರುವ ಪ್ರಶ್ನೆಗಳು. ಒಂದು ಲೀಟರ್ ಎಂದು ಒಯ್ದದ್ದನ್ನು ಮನೆಯಲ್ಲಿ ತೂಗಿದರೆ 915 ಗ್ರಾಮಿನಷ್ಟೇ ಏಕೆ ಬರುತ್ತದೆ ಎಂದು ಕೇಳಿದ ಗೃಹಿಣಿಗೆ, ಎಣ್ಣೆ ನೀರಿಗಿಂತ ಹಗುರ, ಲೀಟರೇ ಬೇರೆ ಕಿಲೋವೇ ಬೇರೆ ಎಂದು ವಿವರಿಸಿದ್ದು ಒಂದು ಬರಹವಾಯಿತು. ಡಿಸೆಂಬರಿನಲ್ಲಿ ಬೆಂಗಳೂರಿನ ಮಗನಿಗೆ ಕಳುಹಿಸಿದ ಎಣ್ಣೆ ಬೆಳ್ಳಗೆ ಗಟ್ಟಿಯಾಯಿತು, ವನಸ್ಪತಿ ಬೆರೆಸಿದ್ದೀರಾ ಎಂದು ಸಿಟ್ಟಿನಲ್ಲಿ ಬಂದ ಹಿರಿಯರೊಬ್ಬರಿಂದ ಇನ್ನೊಂದು ಬರಹ ಹುಟ್ಟಿತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಕಾಣಸಿಗುವುದು ಅಪರೂಪ. ನಮ್ಮ ಮಿಲ್ಲಿನಲ್ಲಿ ಮಾತು ನಡೆಯುವುದು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿ ಭಾಷೆಯಲ್ಲಿ. ಬರೆಯುವಾಗ ಮಾತ್ರ ಕನ್ನಡ. ಬಾಯಲ್ಲಿ ಎರಡು ಮಾತಿನಲ್ಲಿ ಮುಗಿಯುವ ಉತ್ತರವನ್ನು ಕನ್ನಡದ ಪೂರ್ಣ ವಾಕ್ಯಕ್ಕೆ ತರುವಾಗ, ನನಗೆ ಗೊತ್ತಿದೆ ಎಂದುಕೊಂಡಿದ್ದ ಎಷ್ಟೋ ಸಂಗತಿಗಳು ನನಗೆ ಅರ್ಧ ಮಾತ್ರ ಗೊತ್ತಿವೆ ಎಂಬುದು ಬಯಲಾಗುತ್ತಿತ್ತು.

ಇದು ಚೆನ್ನಾಗಿ ಅರಿವಾದದ್ದು 2025ರಲ್ಲಿ. ಆ ವರ್ಷದ ಹಂಗಾಮಿಗೆ ಎಣ್ಣೆ ತೆಗೆಯುವ ಕೊಬ್ಬರಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,582 ರೂಪಾಯಿ. ಮಳೆಗಾಲ ಹಿಡಿಯುವಷ್ಟರಲ್ಲಿ ನಾನು ಕೊಡಬೇಕಾಗಿ ಬಂದದ್ದು ಕಿಲೋಗೆ 220, ಅಂದರೆ ಹೆಚ್ಚುಕಡಮೆ ಅದರ ಎರಡು ಪಟ್ಟು. ವಾರಕ್ಕೊಮ್ಮೆ ಏರುವ ದರವನ್ನು ನೋಡಿ ಹಳೆಯ ಗಿರಾಕಿಗಳೂ ಮುಖ ಸಿಂಡರಿಸುತ್ತಿದ್ದರು. ಹಾಗಾಗಿ ಲೆಕ್ಕವನ್ನೇ ಬಿಚ್ಚಿಟ್ಟೆ: ನೂರು ಕಿಲೋ ಕೊಬ್ಬರಿಯಿಂದ ನಮ್ಮ ಯಂತ್ರದಲ್ಲಿ ಬರುವ ಎಣ್ಣೆ 62 ಕಿಲೋ, ಕೊಬ್ಬರಿಗೆ 220 ಆದರೆ ಎಣ್ಣೆಯ ಅಸಲು ಕಿಲೋಗೆ 355, ಲೀಟರಿಗೆ 325, ಅದರ ಮೇಲೆ ಕರೆಂಟು, ಕೂಲಿ, ಬಾಟಲಿ. ಬರೆದು ಮುಗಿಸಿದಾಗ ಇಷ್ಟು ಪ್ರಾಮಾಣಿಕವಾಗಿ ಯಾವ ವ್ಯಾಪಾರಿ ಹೇಳಿಯಾನು ಎಂದು ನನಗೇ ಹೆಮ್ಮೆಯೆನಿಸಿತ್ತು. ಮೂರನೆಯ ದಿನ, ದನಕ್ಕೆ ಹಿಂಡಿ ಒಯ್ಯಲು ಬರುವ ಕೃಷಿಕರೊಬ್ಬರು ಮೊಮ್ಮಗಳಿಂದ ಓದಿಸಿಕೊಂಡು ಬಂದು, ಎಲ್ಲರ ಎದುರು ಒಂದೇ ಮಾತು ಕೇಳಿದರು: "ನನಗೆ ಮಾರಿದ ಹಿಂಡಿಯ ಹಣ ಇದರಲ್ಲಿ ಎಲ್ಲುಂಟು?"

ಇರಲಿಲ್ಲ. ಮುಚ್ಚಿಡಬೇಕೆಂದು ಬಿಟ್ಟದ್ದಲ್ಲ, ಹಿಂಡಿಯ ಹಣ ತಂದೆಯವರ ಕಾಲದಿಂದಲೂ ಬೇರೆ ಡಬ್ಬಿಗೆ ಹೋಗುತ್ತಿತ್ತು, ಮನೆಯ ತರಕಾರಿ ಮೀನಿಗೆ ಖರ್ಚಾಗುತ್ತಿತ್ತು, ಎಣ್ಣೆಯ ಲೆಕ್ಕಕ್ಕೆ ಅದನ್ನು ಯಾರೂ ತಂದಿರಲಿಲ್ಲ. ಆ ರಾತ್ರಿ ಕುಳಿತು ಹಾಕಿ ನೋಡಿದೆ. ನೂರು ಕಿಲೋ ಕೊಬ್ಬರಿಗೆ 34 ಕಿಲೋ ಹಿಂಡಿ, ಕಿಲೋಗೆ 35 ರೂಪಾಯಿ. ಎಣ್ಣೆಯ ಅಸಲಿನಿಂದ ಕಿಲೋಗೆ ಹತ್ತೊಂಬತ್ತು ರೂಪಾಯಿ ಕಳೆಯಬೇಕಾಗುತ್ತದೆ. ಬರಹವನ್ನು ತಿದ್ದಿದೆ, ದರವನ್ನು ಲೀಟರಿಗೆ ಹತ್ತು ರೂಪಾಯಿ ಇಳಿಸಿದೆ, ತಿದ್ದಿದ್ದು ಏಕೆ ಎಂಬುದನ್ನೂ ಅಲ್ಲೇ ಬರೆದೆ. ಇಪ್ಪತ್ತೆರಡು ವರ್ಷ ಮಿಲ್ಲು ನಡೆಸಿದ ನನಗೆ ನನ್ನದೇ ಎಣ್ಣೆಯ ಅಸಲು ಸರಿಯಾಗಿ ತಿಳಿದದ್ದು ಆ ರಾತ್ರಿ. ಬರೆಯುವುದರಿಂದ ಏನು ಸಿಕ್ಕಿತು ಎಂದು ಕೇಳುವವರಿಗೆ ನಾನು ಹೇಳಬಹುದಾದ ಅತಿ ದೊಡ್ಡ ಲಾಭ ಇದೇ.

ಬರೆದ ಮಾತಿಗೆ ಕಾಗದದ ತೂಕವಿರುತ್ತದೆ ಎಂಬುದನ್ನು ನಮ್ಮ ಲೆಕ್ಕ ಬರೆಯುವವರೂ ಒಮ್ಮೆ ನೆನಪಿಸಿದರು. ನಮ್ಮ ಎಣ್ಣೆ ಅಡುಗೆಗೂ ಆಯಿತು, ತಲೆಗೂ ಆಯಿತು ಎಂದು ಎಲ್ಲರಂತೆ ನಾನೂ ಬರೆದಿದ್ದೆ. ಖಾದ್ಯ ಎಣ್ಣೆಗೆ ಶೇ. 5, ತಲೆಗೂದಲ ಎಣ್ಣೆಗೆ ಶೇ. 18 ತೆರಿಗೆ ಇದ್ದ ಕಾಲ ಅದು. ಸಣ್ಣ ಬಾಟಲಿಯ ತೆಂಗಿನೆಣ್ಣೆ ಇವೆರಡರಲ್ಲಿ ಯಾವುದು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪ್ಯಾಕಿನ ಮೇಲೆ ತಲೆಗೂದಲ ಎಣ್ಣೆಯೆಂದು ಸೂಚಿಸದ ಶುದ್ಧ ತೆಂಗಿನೆಣ್ಣೆ ಖಾದ್ಯ ಎಣ್ಣೆಯೇ ಎಂದು ಇತ್ಯರ್ಥವಾದದ್ದು 2024ರ ಡಿಸೆಂಬರಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ತಲೆಗೂದಲ ಎಣ್ಣೆಯ ತೆರಿಗೆಯೂ ಶೇ. 5ಕ್ಕೆ ಇಳಿಯಿತು, ಆ ತಲೆಬಿಸಿ ಮುಗಿಯಿತು. ಆದರೂ ಲೇಬಲ್ಲಿನಲ್ಲಿ ಇಲ್ಲದ ಮಾತನ್ನು ನಾನು ಈಗ ಬರಹದಲ್ಲೂ ಬರೆಯುವುದಿಲ್ಲ.

ಹೊತ್ತಿನ ವಿಷಯ ಸಣ್ಣದು. ಯಂತ್ರ ಓಡುತ್ತಿರುವಾಗ ಬರೆಯಲಾಗದು. ಸದ್ದೂ ಉಂಟು, ಕಣ್ಣೂ ಅತ್ತಲೇ ಇರಬೇಕು. ಪ್ರಶ್ನೆಗಳನ್ನು ಹಗಲು ಚೀಟಿಯಲ್ಲಿ ಗುರುತು ಹಾಕಿಕೊಂಡು, ಆದಿತ್ಯವಾರ ಬೆಳಿಗ್ಗೆ ಎರಡು ಗಂಟೆ ಕುಳಿತುಕೊಳ್ಳುತ್ತೇನೆ. ತಿಂಗಳಿಗೆ ಎರಡು ಬರಹಗಳಾದರೆ ಹೆಚ್ಚು. ದಿನಕ್ಕೊಂದು ಬರೆಯಿರಿ ಎಂದು ಉಪದೇಶಿಸುವವರು ಮಿಲ್ಲು ನಡೆಸಿದವರಲ್ಲ.

ನಷ್ಟವನ್ನೂ ಹೇಳಬೇಕು. ಬೂಷ್ಟು ಹಿಡಿಯದಿರಲೆಂದು ಗಂಧಕದ ಹೊಗೆ ಕೊಟ್ಟ ಕೊಬ್ಬರಿಯನ್ನು ಕೊಳ್ಳುವುದಿಲ್ಲ, ಸರಿಯಾಗಿ ಒಣಗದ ಕೊಬ್ಬರಿಯನ್ನು ಯಂತ್ರಕ್ಕೆ ಹಾಕುವುದಿಲ್ಲ ಎಂದು ಒಂದು ಬೇಸಗೆಯಲ್ಲಿ ಧೈರ್ಯವಾಗಿ ಬರೆದಿದ್ದೆ. ಬೇಸಗೆಯಲ್ಲಿ ಹಾಗೆ ಬರೆಯುವುದು ಸುಲಭ. ತೆಂಗಿನ ಹಸಿ ತಿರುಳಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಅದು ಶೇ. 6ರ ಹತ್ತಿರಕ್ಕೆ ಇಳಿಯಬೇಕು. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಊರಿನಲ್ಲಿ ಜುಲೈ ತಿಂಗಳಿನಲ್ಲಿ ಅದು ಅಂಗಳದಲ್ಲಿ ಆಗುವ ಕೆಲಸವಲ್ಲ. ಗೆರಟೆ, ಅಂದರೆ ತೆಂಗಿನ ಚಿಪ್ಪು, ಉರಿಸಿ ಒಣಗಿಸುವ ನಮ್ಮ ಗೂಡಿನಲ್ಲಿ ಒಮ್ಮೆಗೆ ಹಿಡಿಯುವುದು ನಾನೂರು ಕಾಯಿ. ಕಳೆದ ಮಳೆಗಾಲದಲ್ಲಿ ಹೊರಗಿನಿಂದ ಬಂದ ಕೊಬ್ಬರಿಯ ಲೋಡು ಒಳಗೆಲ್ಲ ಬೂಷ್ಟು ಹಿಡಿದಿತ್ತು. ಅದನ್ನು ಹಿಂದಕ್ಕೆ ಕಳುಹಿಸಿ ಒಂಬತ್ತು ದಿನ ಯಂತ್ರ ನಿಲ್ಲಿಸಿದೆ. ಮೊದಲಿನ ನಾನಾಗಿದ್ದರೆ ಮೇಲಿನ ಬೂಷ್ಟನ್ನು ಒರೆಸಿ, ಒಳ್ಳೆಯ ಕೊಬ್ಬರಿಯೊಡನೆ ಬೆರೆಸಿ ಹಾಕಿಬಿಡುತ್ತಿದ್ದೆ, ಹಾಕಿದ್ದುಂಟು.

ವಾರಕ್ಕೆ 30 ಲೀಟರ್ ಒಯ್ಯುತ್ತಿದ್ದ ಹೋಟೆಲಿನವರು ಐದನೆಯ ದಿನ ಬಂದರು. ಕಾರಣ ಹೇಳಿದೆ. "ಬರೆದದ್ದನ್ನು ಅಳಿಸಿದರೆ ಆಯಿತಲ್ಲ, ಯಾರು ನೋಡ್ಲಿಕ್ಕುಂಟು?" ಎಂದರು, ಅರ್ಧ ತಮಾಷೆಗೆ. ಅಳಿಸಲಿಲ್ಲ. ಅವರಿಗೆ ಆ ವಾರದಿಂದ ಎಣ್ಣೆ ಬೇರೆ ಕಡೆಯಿಂದ ಹೋಗುತ್ತಿದೆ, ಈಗಲೂ. ಬಿಲ್ ಪುಸ್ತಕದ ಕೊನೆಯ ಪುಟದಲ್ಲಿ, ಆ ಹನ್ನೊಂದು ಗೆರೆಗಳ ಕೆಳಗೆ ಅದನ್ನೂ ಗುರುತು ಹಾಕಿಟ್ಟಿದ್ದೇನೆ: ಬರಹದಿಂದ ಹೋದ ಗಿರಾಕಿ, ಒಂದು.