ಮುಂದಿನ ಪಾಳಿಯವನಿಗೆ ಬರೆದಿಟ್ಟ ಚೀಟಿ

ಎರಡು ವರ್ಷಗಳ ಹಿಂದೆ, ಡಿಸೆಂಬರಿನ ಒಂದು ಭಾನುವಾರ, ನನ್ನ ಮನೆಯ ನೆಲಮಾಳಿಗೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಕೋವಿಗಳನ್ನು ಎಣಿಸಿ ನೋಡಿದೆ. ಒಟ್ಟು ಏಳು ಇದ್ದವು. ಏಳೂ ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ, ಬಾಯಿಯ ಕಡೆಯಿಂದ ಮದ್ದು ತುಂಬುವ, 18ನೆಯ ಶತಮಾನದ ಮಾದರಿಯ ಉದ್ದ ನಳಿಗೆಯ ಕೋವಿಗಳು. ಎಲ್ಲವನ್ನೂ ನಾನೇ ಕೈಯಾರೆ ಮಾಡಲು ತೊಡಗಿದ್ದೆ, ಒಂದೂ ಮುಗಿದಿರಲಿಲ್ಲ. ಎಲ್ಲಕ್ಕಿಂತ ಹಳೆಯದರ ಮರಕ್ಕೆ ಮೊದಲ ಉಳಿ ತಾಗಿಸಿ ಒಂಬತ್ತು ವರ್ಷಗಳಾಗಿದ್ದವು. ವೃತ್ತಿಯಲ್ಲಿ ನಾನು ಟೂಲ್ ಮೇಕರ್, ಅಂದರೆ ಕಾರ್ಖಾನೆಗಳಿಗೆ ಬೇಕಾದ ಅಚ್ಚು, ಉಪಕರಣಗಳನ್ನು ತಯಾರಿಸುವವನು. ಕಾರ್ಖಾನೆಯಲ್ಲಿ ನನಗೆ ವಹಿಸಿದ ಕೆಲಸ ಗಡುವು ದಾಟಿದರೆ ನನಗೆ ಆ ರಾತ್ರಿ ನಿದ್ರೆ ಬರುವುದಿಲ್ಲ. ಅದೇ ಕೈಗಳು ಮನೆಯಲ್ಲಿ ಏಳು ಕೆಲಸಗಳನ್ನು ನಡುದಾರಿಯಲ್ಲಿ ಬಿಟ್ಟದ್ದೇಕೆ ಎಂಬುದನ್ನು ತಿಳಿಯಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು. ಉತ್ತರ ಸಿಕ್ಕಿದ್ದು ಕಾರ್ಖಾನೆಯಲ್ಲಿ ನಾನು ಹಿಂದೊಮ್ಮೆ ಮಾಡಿದ ತಪ್ಪಿನಲ್ಲಿ.

ನನ್ನ ಹುಟ್ಟೂರು ಕೊಡಗಿನಲ್ಲಿ, ಮಡಿಕೇರಿಯಿಂದ ಸ್ವಲ್ಪ ದೂರ. ಕೈಲ್ ಮುಹೂರ್ತದ ದಿನ ಮನೆಯ ಕೋವಿಯನ್ನು ಒರೆಸಿ, ಎಣ್ಣೆ ಸವರಿ, ನಳಿಗೆಯ ಬಾಯಿಗೆ ಕೋವಿ ಹೂ ಎಂದೇ ಕರೆಯುವ ತೋಕ್ ಪೂ ಸಿಕ್ಕಿಸಿ ಪೂಜಿಸುವುದನ್ನು ನೋಡುತ್ತ ಬೆಳೆದವನು ನಾನು. ಮೈಸೂರಿನಲ್ಲಿ ಟೂಲ್ ಮತ್ತು ಡೈ ತಯಾರಿಕೆಯ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಬೆಂಗಳೂರಿನಲ್ಲಿ ದುಡಿದು, ಬಳಿಕ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬಂದೆ. ನಾನು ನೆಲೆಸಿರುವ ಲೀಹೈ ಕಣಿವೆಯ ಸುತ್ತಮುತ್ತಲೇ ಈ ಉದ್ದ ಕೋವಿಯ ಕಸುಬು ಒಂದು ಕಾಲದಲ್ಲಿ ಬೇರೂರಿತ್ತು ಎಂಬುದು ಬಂದಾಗ ನನಗೆ ತಿಳಿದಿರಲಿಲ್ಲ. ನ್ಯಾಜರೆತ್ ಪಟ್ಟಣದ ಹತ್ತಿರದ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಥದವರು ನಡೆಸುತ್ತಿದ್ದ ಕಾರ್ಯಾಗಾರದಲ್ಲಿ ಆಂಡ್ರಿಯಾಸ್ ಆಲ್ಬ್ರೆಕ್ಟ್ ಎಂಬ ಗುರು, ಕ್ರಿಶ್ಚಿಯನ್ ಓರ್ಟರ್ ಎಂಬ ಶಿಷ್ಯ ಕೆಲಸ ಮಾಡಿದ್ದರು. ಅಲ್ಲಿಂದ ಅನತಿ ದೂರದ ಜೇಕಬ್ಸ್‌ಬರ್ಗ್‌ನಲ್ಲಿ ಹೆನ್ರಿ ಮನೆತನದವರು 1812ರ ಸುಮಾರಿಗೆ ನೀರಿನ ಶಕ್ತಿಯಿಂದ ನಡೆಯುವ ಕೋವಿ ಕಾರ್ಖಾನೆಯನ್ನು ಕಟ್ಟಿದರು. ಇಂದು ಆ ಊರಿನಲ್ಲಿ ಉದ್ದ ಕೋವಿಗಳದೇ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿನ ಗಾಜಿನ ಪೆಟ್ಟಿಗೆಗಳ ಮುಂದೆ ಕಳೆದ ಒಂದು ಮಧ್ಯಾಹ್ನ ನನಗೆ ಈ ಹವ್ಯಾಸವನ್ನು ಹಚ್ಚಿತು.

ಊರಿನ ಓದುಗರಿಗಾಗಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಮೆರಿಕದ 1968ರ ಒಕ್ಕೂಟ ಕಾಯಿದೆಯು ಬಾಯಿಯಿಂದ ಮದ್ದು ತುಂಬುವ ಇಂಥ ಮಾದರಿಗಳನ್ನು ಆಧುನಿಕ ಬಂದೂಕುಗಳಿಂದ ಪ್ರತ್ಯೇಕವಾಗಿ ಕಾಣುವುದರಿಂದ ಇಲ್ಲಿ ಇದು ಹವ್ಯಾಸವಾಗಿ ಉಳಿದಿದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಕೋವಿ ತಯಾರಿಸುವುದು ಗಂಭೀರ ಅಪರಾಧ. ನಮ್ಮ ಕೊಡಗಿನವರಿಗಿರುವ ವಿನಾಯಿತಿಯೂ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ತಯಾರಿಸುವುದಕ್ಕಲ್ಲ.

ನಳಿಗೆಯನ್ನೂ ಕಿಡಿ ಹಾರಿಸುವ ಲಾಕನ್ನೂ ನಾನು ಕೊಳ್ಳುತ್ತೇನೆ. ಇದರಲ್ಲಿ ಕೀಳರಿಮೆಗೆ ಕಾರಣವಿಲ್ಲ; ಆ ಕಾಲದ ಕುಶಲಕರ್ಮಿಗಳಲ್ಲಿಯೂ ಅನೇಕರು ಲಾಕ್‌ಗಳನ್ನು ಯುರೋಪಿನಿಂದ ತರಿಸಿಕೊಳ್ಳುತ್ತಿದ್ದರು. ನಿಜವಾದ ಕೆಲಸವಿರುವುದು ಮರದಲ್ಲಿ. ಅಲೆಯಲೆಯಾಗಿ ನಾರು ಹೊಳೆಯುವ ಮೇಪಲ್ ಮರದ ದಪ್ಪ ಹಲಗೆಯೊಂದರಿಂದ ಐದು ಅಡಿಗೆ ಹತ್ತಿರವಾಗುವ ಸ್ಟಾಕನ್ನು, ಅಂದರೆ ನಳಿಗೆಯನ್ನೂ ಲಾಕನ್ನೂ ಹೊರುವ ಮರದ ಭಾಗವನ್ನು, ತೆಗೆಯಬೇಕು. 42 ಇಂಚಿನ, ಎಂಟು ಮುಖಗಳ, ನಡುವಿನಲ್ಲಿ ಸಣ್ಣಗಾಗಿ ಬಾಯಿಯ ಬಳಿ ಮತ್ತೆ ಅಗಲವಾಗುವ ನಳಿಗೆ ಅದರಲ್ಲಿ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ನಳಿಗೆಗೆ ದೀಪದ ಮಸಿ ಬಳಿದು ಒತ್ತುವುದು, ಮಸಿ ಹತ್ತಿದ ಜಾಗವನ್ನು ಮಾತ್ರ ಉಳಿಯಿಂದ ಕೆರೆಯುವುದು, ಮತ್ತೆ ಒತ್ತುವುದು. ಹೀಗೆ ನೂರಾರು ಸಲ. ಅನಂತರ ನಳಿಗೆಯ ಕೆಳಗೆ ಮದ್ದು ಜಡಿಯುವ ಗಜಕ್ಕಾಗಿ ಉದ್ದದ ರಂಧ್ರ ಕೊರೆಯಬೇಕು. ನಳಿಗೆಗೂ ಆ ರಂಧ್ರಕ್ಕೂ ನಡುವೆ ಉಳಿಯಬೇಕಾದ ಮರ ಸುಮಾರು ಎಂಟನೇ ಒಂದು ಇಂಚು, ಅಂದರೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ನಾಲ್ಕು ಅಡಿ ಉದ್ದದ ಬೈರಿಗೆ ಮರದೊಳಗೆ ಯಾವ ಕಡೆಗೆ ಸರಿಯುತ್ತಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಇದರ ಬಳಿಕ ಲಾಕನ್ನು ಹೂಳುವುದು, ಹಿಂಬದಿಯ ಹಿತ್ತಾಳೆ ತಟ್ಟೆ, ಕೆತ್ತನೆ, ಬಣ್ಣ, ಎಣ್ಣೆ.

ಆ ಭಾನುವಾರ ಏಳು ಕೋವಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಒಂದು ಸಂಗತಿ ಎದ್ದು ಕಂಡಿತು. ನಾನು ಅವುಗಳನ್ನು ಎಲ್ಲೆಂದರಲ್ಲಿ ಬಿಟ್ಟಿರಲಿಲ್ಲ. ಮೂರು ಗಜದ ರಂಧ್ರ ಕೊರೆಯುವ ಮೊದಲು ನಿಂತಿದ್ದವು, ಎರಡು ಲಾಕ್ ಹೂಳುವ ಮೊದಲು, ಒಂದು ಕೆತ್ತನೆಯ ಮೊದಲು. ನನಗೆ ಅಳುಕು ಇರುವ ಹಂತ ಬಂದಾಗಲೆಲ್ಲ ನಾನು ಹೊಸ ಹಲಗೆಯೊಂದನ್ನು ಕೊಂಡು ತಂದು, ನನಗೆ ಚೆನ್ನಾಗಿ ಬರುವ ನಳಿಗೆ ಕೂರಿಸುವ ಕೆಲಸವನ್ನೇ ಮತ್ತೊಮ್ಮೆ ಮಾಡಿದ್ದೆ. ಉತ್ಸಾಹ ಎಂದು ನಾನು ತಿಳಿದಿದ್ದದ್ದು ಹೆಚ್ಚಿನಂಶ ಭಯವಾಗಿತ್ತು. ಆದರೆ ಏಳನೆಯದು ಈ ಲೆಕ್ಕಕ್ಕೆ ಒಳಪಡಲಿಲ್ಲ, ಏಕೆಂದರೆ ಅದನ್ನು ನಾನು ಕೆಡಿಸಿದ್ದೆ, ಮತ್ತು ಕೆಡಿಸಿದ ರೀತಿ ನನಗೆ ಮೊದಲೇ ಪರಿಚಿತವಾಗಿತ್ತು.

ಕಾರ್ಖಾನೆಯ ಕಥೆಯನ್ನು ಇಲ್ಲಿ ಹೇಳಬೇಕು. ಹತ್ತು ವರ್ಷಗಳ ಹಿಂದೆ, ಆಗ ನಾನು ದುಡಿಯುತ್ತಿದ್ದ ಟೂಲ್ ರೂಮಿನಲ್ಲಿ, ಡೈ ಎಂಬ ಅಚ್ಚಿನೊಳಗೆ ಕೂರುವ ಜೋಡಿ ಇನ್ಸರ್ಟ್‌ಗಳನ್ನು ಗ್ರೈಂಡ್ ಮಾಡುತ್ತಿದ್ದೆ. ಹೀಟ್ ಟ್ರೀಟ್‌ಮೆಂಟ್ ಆಗಿ ಬಂದ ಗಡಸು ಉಕ್ಕು. ಮೊದಲನೆಯದು ನನ್ನ ಕೈಯಲ್ಲಿ 0.08 ಮಿಲಿಮೀಟರ್ ಕಡಿಮೆಯಾಯಿತು. ಎರಡನೆಯದನ್ನು ಅಷ್ಟೇ ಅಳತೆ ಹೆಚ್ಚಾಗಿ ಉಳಿಸಿದರೆ ಜೋಡಿ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿ, ಹಾಗೆಯೇ ಉಳಿಸಿ, ಪಾಳಿ ಮುಗಿದ ಕಾರಣ ಜಾಬ್ ಕಾರ್ಡಿನ ಮೇಲೆ ‘ಬಹುತೇಕ ಮುಗಿದಿದೆ’ ಎಂದಷ್ಟೇ ಬರೆದು ಮನೆಗೆ ಹೋದೆ. ಮುಂದಿನ ಪಾಳಿಯವರು ನಕ್ಷೆಯನ್ನು ನೋಡಿದರು, ತುಂಡನ್ನು ಅಳೆದರು, ಹೆಚ್ಚಿದ್ದ 0.08 ಮಿಲಿಮೀಟರನ್ನು ಕರಾರುವಾಕ್ಕಾಗಿ ತೆಗೆದರು. ಅವರ ಕಡೆಯಿಂದ ಒಂದಿಷ್ಟೂ ತಪ್ಪಿರಲಿಲ್ಲ. ನಾಲ್ಕು ದಿನಗಳ ಕೆಲಸ ಗುಜರಿಗೆ ಹೋಯಿತು. ನಮ್ಮ ಫೋರ್‌ಮನ್ ನನ್ನನ್ನು ಗದರಲಿಲ್ಲ. ಆ ಎರಡು ತುಂಡುಗಳನ್ನು ನನ್ನ ಮುಂದಿಟ್ಟು, ‘ಈ ಉಕ್ಕನ್ನು ನೋಡಿದವನಿಗೆ ಕಾಣದಿದ್ದ ಸಂಗತಿ ಯಾವುದು, ಅದನ್ನು ಎಲ್ಲಿ ಬರೆದಿದ್ದೆ?’ ಎಂದು ಕೇಳಿದರು. ಅಂದಿನಿಂದ ‘ಬಹುತೇಕ ಮುಗಿದಿದೆ’ ಎಂಬ ಮಾತನ್ನು ನಾನು ಯಾವ ಕಾರ್ಡಿನ ಮೇಲೂ ಬರೆದಿಲ್ಲ.

ಇಷ್ಟು ಕಲಿತಿದ್ದವನು ಮನೆಯ ಏಳನೆಯ ಕೋವಿಯಲ್ಲಿ ಅದೇ ತಪ್ಪನ್ನು ಮಾಡಿದೆ. ಅದರ ಗಜದ ರಂಧ್ರ ಕೊರೆಯುವಾಗ ಬೈರಿಗೆ ತುಸು ಮೇಲಕ್ಕೆ ಸರಿದು, ನಡುವಿನ ಮರ ಎಂಟನೇ ಒಂದು ಇಂಚಿಗಿಂತ ತೆಳುವಾಗಿತ್ತು. ಲಾಕನ್ನು ಬಿಗಿಯುವ ಮುಂದಿನ ಬೋಲ್ಟು ಹಾದುಹೋಗುವುದು ಇದೇ ಕಿರಿದಾದ ಮರದಲ್ಲಿ. ಆ ರಾತ್ರಿ ನಾನು ಅಳೆದು ನೋಡಿ, ಬೋಲ್ಟನ್ನು ವಾಡಿಕೆಯ ಜಾಗದಿಂದ ಸರಿಸಿ, ಸಣ್ಣ ಗಾತ್ರದ್ದನ್ನು ಹಾಕಬೇಕು ಎಂದು ನಿಶ್ಚಯಿಸಿದ್ದೆ. ಹಾಗೆ ನಿಶ್ಚಯಿಸಿದ್ದು ಈಗ ಚೆನ್ನಾಗಿ ನೆನಪಿದೆ. ಹದಿನಾಲ್ಕು ತಿಂಗಳ ಬಳಿಕ ಬೈರಿಗೆ ಹಿಡಿದು ನಿಂತಾಗ ನೆನಪಿರಲಿಲ್ಲ. ವಾಡಿಕೆಯ ಜಾಗದಲ್ಲಿಯೇ ಕೊರೆದೆ. ಬೈರಿಗೆಯ ತುದಿ ನಳಿಗೆಯ ಅಡಿಗೆ ತಗುಲಿ, ಜಾರಿ, ಗಜದ ರಂಧ್ರವನ್ನು ಒಡೆದು ಹೊರಬಂತು. ಅದನ್ನು ಬಹಳ ಹೊತ್ತು ನೋಡುತ್ತ ಕುಳಿತಾಗ ಅರ್ಥವಾಯಿತು: ನನ್ನ ಮನೆಯ ಕಾರ್ಯಾಗಾರದಲ್ಲಿಯೂ ಎರಡು ಪಾಳಿಗಳಿವೆ. ಮೊದಲ ಪಾಳಿಯಲ್ಲಿ ದುಡಿದವನೂ ನಾನೇ, ಎರಡನೆಯ ಪಾಳಿಗೆ ಬರುವವನೂ ನಾನೇ. ಕಾರ್ಖಾನೆಯಲ್ಲಿ ಎರಡು ಪಾಳಿಗಳ ನಡುವೆ ಕೆಲವು ನಿಮಿಷಗಳ ಅಂತರ. ಇಲ್ಲಿ ಹದಿನಾಲ್ಕು ತಿಂಗಳು. ಅಷ್ಟು ಕಾಲದ ಬಳಿಕ ಬರುವವನು ಅಪರಿಚಿತನೇ ಎಂದು ತಿಳಿದು ಅವನಿಗಾಗಿ ಬರೆದಿಡಬೇಕು.

ಈಗ ಪ್ರತಿಯೊಂದು ಸ್ಟಾಕಿಗೂ ದಾರದಿಂದ ಒಂದು ರಟ್ಟಿನ ಚೀಟಿಯನ್ನು ಕಟ್ಟುತ್ತೇನೆ. ಏನೆಲ್ಲ ಮುಗಿದಿದೆ ಎಂಬುದನ್ನು ಅದರಲ್ಲಿ ಬರೆಯುವುದಿಲ್ಲ; ಅದನ್ನು ಮರವೇ ಹೇಳುತ್ತದೆ. ಮರವನ್ನು ನೋಡಿದರೆ ಕಾಣದಿರುವುದನ್ನು ಮಾತ್ರ ಬರೆಯುತ್ತೇನೆ. ‘ಮುಂದಿನ ಬೋಲ್ಟಿನ ಜಾಗದಲ್ಲಿ ಮರ ತೆಳುವಾಗಿದೆ, ಅಳೆಯದೆ ಕೊರೆಯಬೇಡ.’ ‘ಎಡಗಡೆಯ ಪಕ್ಕ ಬೇಕೆಂದೇ ದಪ್ಪ ಬಿಟ್ಟಿದೆ, ಕೆತ್ತನೆಯನ್ನು ಉಬ್ಬಿಸಿ ತೆಗೆಯಲು.’ ‘ಹಿಂಬದಿಯ ತಟ್ಟೆಯ ತುದಿಯಲ್ಲಿ ನಾರು ತಿರುಗಿದೆ, ಉಳಿಯನ್ನು ಕೆಳಗಿನಿಂದ ಮೇಲಕ್ಕೆ ನಡೆಸು.’ ಕೊನೆಯಲ್ಲಿ, ಮೇಜಿನ ಮುಂದೆ ಕುಳಿತ ಮೊದಲ ಹತ್ತು ನಿಮಿಷಗಳಲ್ಲಿ ಮಾಡಬಹುದಾದ ಒಂದು ಚಿಕ್ಕ ಕೆಲಸ. ಈ ಕೊನೆಯ ಸಾಲು ನನ್ನ ಅಳುಕಿಗೆ ದೊಡ್ಡ ಔಷಧವಾಯಿತು. ‘ಗಜದ ರಂಧ್ರ ಕೊರೆ’ ಎಂದು ಬರೆದಿದ್ದ ಚೀಟಿಯ ಮುಂದಿನಿಂದ ನಾನು ಮೂರು ಸಲ ಎದ್ದು ಹೋಗಿದ್ದೇನೆ. ‘ಉಳಿದ ಮರದ ತುಂಡಿನಲ್ಲಿ ಒಂದು ಅಡಿ ಕೊರೆದು, ಸೀಳಿ, ಬೈರಿಗೆ ಎತ್ತ ಸರಿದಿದೆ ನೋಡು’ ಎಂದು ಬರೆದಾಗ ಕುಳಿತುಬಿಟ್ಟೆ.

ಚೀಟಿಯಷ್ಟೇ ಮುಖ್ಯವಾದದ್ದು ನಿಲ್ಲಿಸುವ ಜಾಗ. ಗಡಸು ಉಕ್ಕು ಕಪಾಟಿನಲ್ಲಿ ವರ್ಷವಿಡೀ ಕುಳಿತರೂ ಅದರ ಅಳತೆ ಬದಲಾಗುವುದಿಲ್ಲ ಎಂಬ ನಂಬಿಕೆಯಲ್ಲಿ ನಾನು ಬದುಕಿದ್ದೆ, ಮರ ಹಾಗಲ್ಲ. ಇಲ್ಲಿನ ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನು ಒಣಗಿಸಿಬಿಡುತ್ತದೆ, ಬೇಸಿಗೆಯಲ್ಲಿ ನೆಲಮಾಳಿಗೆಗೆ ತೇವ ಹತ್ತುತ್ತದೆ. ಮರದಲ್ಲಿ ನಳಿಗೆ ಕೂರುವ ತೋಡನ್ನು ಕೊರೆದು, ನಳಿಗೆಯನ್ನು ಹೊರಗೆ ತೆಗೆದಿಟ್ಟರೆ, ಮುಂಭಾಗದ ತೆಳುವಾದ ಮರ ಎರಡೇ ಋತುಗಳಲ್ಲಿ ಬಾಗುತ್ತದೆ. ಆದ್ದರಿಂದ ಕೆಲಸ ನಿಲ್ಲಿಸುವ ದಿನ ನಳಿಗೆಗೆ ಎಣ್ಣೆ ಸವರಿ, ಅದರ ತೋಡಿನಲ್ಲಿಯೇ ಕೂರಿಸಿ, ಹಿಂಬದಿಯ ಬೋಲ್ಟನ್ನು ಬಿಗಿದು ಇಡುತ್ತೇನೆ. ಹಿತ್ತಾಳೆಯ ತಟ್ಟೆಯನ್ನು ಮರದೊಂದಿಗೆ ಸಮನಾಗಿ ಅರ ಹಾಕುವ ಕೆಲಸವನ್ನು ಮಾತ್ರ ಎಂದೂ ನಡುವೆ ಬಿಡುವುದಿಲ್ಲ, ಏಕೆಂದರೆ ಮರ ಕುಗ್ಗಿದಾಗ ಲೋಹದ ಅಂಚು ಹೊರಚಾಚುತ್ತದೆ ಮತ್ತು ಎಲ್ಲಿಯವರೆಗೆ ಅರ ಹಾಕಿದ್ದೆ ಎಂಬ ಗುರುತೇ ಅಳಿಸಿಹೋಗುತ್ತದೆ.

ಕಾರ್ಖಾನೆಯಿಂದ ತಂದ ಎಲ್ಲ ಪಾಠಗಳೂ ಇಲ್ಲಿ ಫಲಿಸಲಿಲ್ಲ. ಒಮ್ಮೆ ಸೆಟ್ ಮಾಡಿದ ಯಂತ್ರದಲ್ಲಿ ಒಂದೇ ಬಗೆಯ ಕೆಲಸವನ್ನು ಒಟ್ಟಿಗೆ ಮುಗಿಸುವ ಪದ್ಧತಿಯಂತೆ ಮೂರು ಕೋವಿಗಳ ಲಾಕ್‌ಗಳನ್ನು ಒಂದೇ ವಾರದಲ್ಲಿ ಹೂಳಲು ಹೊರಟೆ. ಆದರೆ ಎರಕ ಹೊಯ್ದು ಕೈಯಿಂದ ಹದಗೊಳಿಸಿದ ಲಾಕ್‌ಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಪ್ರತಿ ಲಾಕಿನಲ್ಲಿ ಕಿಡಿ ಬೀಳುವ ಮದ್ದಿನ ಬಟ್ಟಲೂ ತನ್ನ ನಳಿಗೆಯ ಕಿವಿಗೆ, ಅಂದರೆ ಕಿಡಿ ಒಳಹೋಗುವ ಚಿಕ್ಕ ತೂತಿಗೆ, ನೇರವಾಗಿ ಬರಬೇಕು. ಆ ಜಾಗವನ್ನು ನಿರ್ಧರಿಸುವುದು ಆ ಒಂದು ನಳಿಗೆಯೇ. ಎರಡನೆಯ ಲಾಕಿನ ಹೊತ್ತಿಗೆ ಮೊದಲನೆಯದರ ಅಳತೆ ನನ್ನ ಕೈಯಲ್ಲಿ ಉಳಿದುಬಿಟ್ಟಿತ್ತು, ಮತ್ತು ಅದನ್ನು ಮರೆಯಲು ಮೂರು ದಿನ ಕೆಲಸ ನಿಲ್ಲಿಸಬೇಕಾಯಿತು.

ಹಾಗೆಂದು ಒಂದನ್ನು ಮುಗಿಸದೆ ಇನ್ನೊಂದನ್ನು ಮುಟ್ಟಬಾರದು ಎಂಬ ಕಟ್ಟುನಿಟ್ಟನ್ನೂ ನಾನು ಒಪ್ಪುವುದಿಲ್ಲ. ಅಗಸೆ ಎಣ್ಣೆಯ ಒಂದು ಲೇಪ ಒಣಗಲು ದಿನಗಳು ಬೇಕು. ನಳಿಗೆಗೆ ಕಂದು ಬಣ್ಣ ಬರಿಸಲು ದಿನವೂ ಸ್ವಲ್ಪ ಸ್ವಲ್ಪವೇ ತುಕ್ಕು ಹಿಡಿಸಿ ಉಜ್ಜಬೇಕು. ಆ ಕಾಯುವಿಕೆಯಲ್ಲಿ ಇನ್ನೊಂದು ಕೋವಿಯ ಮೇಲೆ ಕೈಯಾಡಿಸುವುದು ಸಹಜ. ನಾನು ಮೂರನ್ನು ಮಾತ್ರ ಮೇಜಿನ ಹತ್ತಿರ ಇಟ್ಟುಕೊಂಡೆ. ಎರಡು ಸ್ಟಾಕ್‌ಗಳನ್ನು ಹೊಸದಾಗಿ ಕಲಿಯುತ್ತಿರುವ ಗೆಳೆಯರಿಗೆ ಕೊಟ್ಟೆ. ಉಳಿದವು ಚೀಟಿ ಕಟ್ಟಿಸಿಕೊಂಡು ಗೋಡೆಯ ಬಳಿ ಇವೆ. ಕಳೆದ ಅಕ್ಟೋಬರಿನಲ್ಲಿ ಒಂದು ಕೋವಿ ಪೂರ್ಣವಾಯಿತು.

ಕ್ರಿಶ್ಚಿಯನ್ ಓರ್ಟರ್ ಬದುಕಿದ್ದು ಮೂವತ್ತು ವರ್ಷಗಳಷ್ಟೇ, 1777ರಲ್ಲಿ ತೀರಿಕೊಂಡ. ಅವನ ಕೋವಿಗಳಲ್ಲಿ ಕೆಲವು ಇಂದಿಗೂ ಅವನದೇ ಎಂದು ಖಚಿತವಾಗಿ ಗುರುತಿಸಲು ಸಾಧ್ಯವಾಗಿರುವುದು ಅವನು ನಳಿಗೆಯ ಮೇಲೆ ಹೆಸರನ್ನೂ ವರ್ಷವನ್ನೂ ಬರೆದದ್ದರಿಂದ. ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಕೋವಿಗಳ ಮೇಲೆಯೂ ತಯಾರಾದ ಊರು, ವರ್ಷ, ಕೆಲವೊಮ್ಮೆ ಕಮ್ಮಾರನ ಹೆಸರು ಇರುತ್ತದೆ. ಅದೇ ಶತಮಾನದಲ್ಲಿ, ಸಮುದ್ರಗಳಾಚೆ, ಒಬ್ಬರನ್ನೊಬ್ಬರು ಅರಿಯದ ಈ ಜನ ಕಬ್ಬಿಣದ ಮೇಲೆ ಬರೆಯುವ ಅದೇ ಅಭ್ಯಾಸವನ್ನು ಇಟ್ಟುಕೊಂಡಿದ್ದರು ಎಂಬುದು ನನ್ನನ್ನು ಬಹಳ ಸಲ ತಟ್ಟಿದೆ.

ಈಗ ಕಾರ್ಖಾನೆಯಲ್ಲಿ ತರಬೇತಿಗೆ ಬರುವ ಹುಡುಗರಿಗೆ ನಾನು ಪಾಳಿ ಮುಗಿಯುವ ಹದಿನೈದು ನಿಮಿಷ ಮೊದಲೇ ಯಂತ್ರ ನಿಲ್ಲಿಸಲು ಹೇಳುತ್ತೇನೆ. ಆ ಹದಿನೈದು ನಿಮಿಷ ವ್ಯರ್ಥವೆಂದು ಮೊದಲ ತಿಂಗಳು ಅವರಿಗೆ ಅನ್ನಿಸುತ್ತದೆ. ನಾನು ಆ 0.08 ಮಿಲಿಮೀಟರಿನ ಕಥೆಯನ್ನೂ ಬೋಲ್ಟಿನ ಕಥೆಯನ್ನೂ ಹೇಳಿ, ಅವರ ಕಾರ್ಡನ್ನು ಅವರ ಮುಂದೆಯೇ ಓದಿ, ನನಗೆ ತಿಳಿಯದ ಕಡೆ ಬೆರಳಿಡುತ್ತೇನೆ.

ಒಂಬತ್ತು ವರ್ಷ ಹಳೆಯದಾಗಿದ್ದ ಆ ಮೊದಲ ಕೋವಿಗೆ ಮಾತ್ರ ಚೀಟಿ ಬರೆಯಲಾಗಲಿಲ್ಲ. ಕೆನ್ನೆಗೆ ಒರಗುವ ಭಾಗದ ಹಿಂದೆ ಪೆನ್ಸಿಲಿನ ಒಂದು ಬಾಗಿದ ಗೆರೆಯಿದೆ. ಕೆತ್ತನೆಯ ಬಳ್ಳಿಯೊಂದರ ಆರಂಭವಾಗಿದ್ದಿರಬೇಕು. ಅದು ಎಲ್ಲಿಗೆ ಹೋಗಬೇಕಾಗಿತ್ತು ಎಂಬುದನ್ನು ಎಷ್ಟು ಸಂಜೆ ಅದರ ಮುಂದೆ ಕುಳಿತರೂ ನೆನಪಿಗೆ ತಂದುಕೊಳ್ಳಲು ಆಗಲಿಲ್ಲ. ಕಳೆದ ವಾರ ಸ್ಕ್ರೇಪರ್ ಹಿಡಿದು ಆ ಗೆರೆಯನ್ನು ಅಳಿಸಿ, ಬರಿದಾದ ಮರದ ಮೇಲೆ ಹೊಸ ಗೆರೆಯನ್ನು ಎಳೆಯಲು ತೊಡಗಿದ್ದೇನೆ.