ಅಗ್ಗದ ಗರಗಸಕ್ಕೆ ಮೇಸ್ತ್ರಿ ಇಟ್ಟ ಪರೀಕ್ಷೆ

ಮಿಷನ್ ಗರಗಸದ ಮಾತು ಮನೆಯಲ್ಲಿ ಎದ್ದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: ಎಷ್ಟು ಸಿಸಿ? ಬೈಕು ಕೊಳ್ಳುವ ವಯಸ್ಸಿನಲ್ಲಿ ಅಂಟಿದ ಈ ಕಾಯಿಲೆ ನಮ್ಮನೆಯವರಿಗೆ ಇನ್ನೂ ವಾಸಿಯಾಗಿಲ್ಲ. ಬೆಂಗಳೂರಿನಲ್ಲಿ ಕೆಲಸ ಮುಗಿಸಿ ರಾತ್ರಿ ಹೊತ್ತು ನನಗೆ ಮೊಬೈಲಿಗೆ ಫೋಟೊ ಕಳಿಸೋರು. 58 ಸಿಸಿ, 22 ಇಂಚಿನ ಬಾರ್ (ಹಲ್ಲಿನ ಚೈನ್ ಸುತ್ತುವ ಉದ್ದನೆಯ ಪಟ್ಟಿ), ಆರು ಸಾವಿರ ಚಿಲ್ಲರೆ, ಮನೆ ಬಾಗಿಲಿಗೆ ಬರುತ್ತೆ. ಅದರ ಕೆಳಗೇ ಸ್ಟಿಲ್ ಕಂಪನಿಯ ಎಂಎಸ್ 180 ಫೋಟೊ. 31.8 ಸಿಸಿ, 20 ಸಾವಿರದ ಮೇಲೆ. 'ಅರ್ಧ ಸಿಸಿಗೆ ಮೂರು ಪಟ್ಟು ದುಡ್ಡು ಯಾಕೆ ಕೊಡಬೇಕು ಹೇಳು' ಅನ್ನೋದು ಅವರ ಲೆಕ್ಕ. ಮೂಡಿಗೆರೆ ಕಡೆಯ ನಮ್ಮ ಚಿಕ್ಕ ತೋಟವನ್ನು ನೋಡಿಕೊಳ್ಳೋದು ನಾನು, ಮಿಷನ್ ಹಿಡಿಯೋದು ಮೇಸ್ತ್ರಿ. ಹಾಗಾಗಿ ಲೆಕ್ಕ ನಮ್ಮಿಬ್ಬರದ್ದು ಬೇರೆಯೇ ಇತ್ತು.

ಕಾಫಿ ತೋಟದಲ್ಲಿ ಮರದ ಕೆಲಸ ಮುಗಿಯೋದು ಅಂತ ಇಲ್ಲ. ಹೂಮಳೆ ಕಳೆದು ಮುಂಗಾರು ಹಿಡಿಯುವುದರೊಳಗೆ ಮರಗಸಿ ಆಗಬೇಕು, ಅಂದರೆ ಕೊಂಬೆ ಸವರಿ ನೆರಳು ಬಿಡಿಸಬೇಕು. ಆಮೇಲೆ ಜೂನ್, ಜುಲೈ ಗಾಳಿಗೆ ಒಂದಲ್ಲ ಒಂದು ಸಿಲ್ವರ್ ಓಕ್ ಕಾಫಿ ಸಾಲಿನ ಮೇಲೋ ದಾರಿಗೋ ಅಡ್ಡ ಬೀಳುತ್ತೆ. ಆಗ ಬಾಡಿಗೆ ಮಿಷನ್‌ನವರಿಗೆ ಫೋನ್ ಮಾಡಿದರೆ 'ನಾಳೆ ಬರ್ತೀನಿ ಅಕ್ಕ' ಅಂತಾರೆ. ಆ ನಾಳೆಗೆ ತಾರೀಖು ಇರಲ್ಲ. ಊರಿಡೀ ಮರ ಬಿದ್ದಿರುವಾಗ ಅವರನ್ನು ಬೈದು ಪ್ರಯೋಜನವೂ ಇಲ್ಲ. ಹೋದ ಮಳೆಗಾಲದಲ್ಲಿ ಕಣದ ಹಿಂದಿನ ಸಿಲ್ವರ್ ಓಕ್ ಒಂದು ಕರೆಂಟ್ ಲೈನ್ ಕಡೆಗೆ ವಾಲಿಕೊಂಡು ನಿಂತಿತ್ತು. ಅದಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿ ಸೊರಗು ರೋಗ ಬಂದು ಒಣಗಿಹೋಗಿತ್ತು. ಇನ್ನೊಂದು ಮಳೆಗಾಲ ಅದು ಹಾಗೇ ನಿಲ್ಲುತ್ತೆ ಅನ್ನುವ ನಂಬಿಕೆ ನಮಗ್ಯಾರಿಗೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಮೇಸ್ತ್ರಿಯನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋದೆ. ಅಂಗಡಿಯಲ್ಲಿ ನಾನು ಏನು ಕೇಳಿದರೂ ಮಾಲೀಕರು ಉತ್ತರ ಹೇಳುತ್ತಿದ್ದದ್ದು ಮೇಸ್ತ್ರಿಯ ಮುಖ ನೋಡಿಕೊಂಡು. ದುಡ್ಡು ಕೊಡೋದು ನಾನು ಅಂತ ಗೊತ್ತಾದ ಮೇಲೂ ಹಾಗೇ. ಮೊದಮೊದಲು ಸಿಟ್ಟು ಬಂತು. ಆಮೇಲೆ ಇದರಲ್ಲೊಂದು ಅನುಕೂಲ ಕಂಡಿತು. ಅವರಿಬ್ಬರೂ ಮಾತಾಡುತ್ತಿರುವಾಗ ನಾನು ನಿಂತು ಎಲ್ಲವನ್ನೂ ನೋಡಬಹುದಿತ್ತು.

ಮೇಸ್ತ್ರಿ ಸಿಸಿ ಕೇಳಲೇ ಇಲ್ಲ. ಕೇಳಿದ್ದು, 'ಇದರ ಚೈನ್ ನಮ್ಮೂರಲ್ಲಿ ಸಿಗುತ್ತಾ?' ಅಂತ. ಚೈನ್ ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದ ನನಗೆ ಅಲ್ಲೇ ಪಾಠ ಶುರುವಾಯಿತು. ಕೊಂಡಿಯಿಂದ ಕೊಂಡಿಗೆ ಇರುವ ಅಂತರ ಬೇರೆ ಬೇರೆ. ಬಾರಿನ ಸಂದಿಯೊಳಗೆ ಕೂರುವ ಕೊಂಡಿಯ ದಪ್ಪ ಬೇರೆ. ಒಟ್ಟು ಕೊಂಡಿಗಳ ಎಣಿಕೆ ಬೇರೆ. ಮೂರೂ ಹೊಂದಿದರೆ ಮಾತ್ರ ಚೈನ್ ಕೂರುತ್ತೆ. ಅಲ್ಲಿದ್ದ 18 ಇಂಚಿನ ಬಾರಿಗೆ ಬೇಕಾದದ್ದು .325 ಇಂಚು ಅಂತರದ, 72 ಕೊಂಡಿಯ ಚೈನ್. ಅದು ಅಗ್ಗದ ಮಿಷನ್‌ಗಳಲ್ಲಿ ಮಾಮೂಲಿ ಅಳತೆ, ಮೂಡಿಗೆರೆಯಲ್ಲೂ ಸಿಗುತ್ತೆ. ಯಾವುದೋ ಹೆಸರಿಲ್ಲದ ಮಿಷನ್‌ಗೆ ಯಾವುದೋ ಅಳತೆಯ ಚೈನ್ ಬಂದಿದ್ದರೆ, ಹಲ್ಲು ಸವೆದ ದಿನವೇ ಮಿಷನ್ ಅಟ್ಟ ಸೇರುತ್ತೆ. ಮೊಬೈಲಿನಲ್ಲಿ ಆರು ಸಾವಿರಕ್ಕೆ ಬರುವ ಪೆಟ್ಟಿಗೆಯ ಮೇಲೆ ಈ ವಿವರ ಹುಡುಕಿದರೂ ಕಾಣಲ್ಲ. 58 ಸಿಸಿ ಅಂತ ಮಾತ್ರ ದಪ್ಪಕ್ಷರದಲ್ಲಿ ಇರುತ್ತೆ.

ಆಮೇಲೆ ಮೇಸ್ತ್ರಿ ಮಾಡಿದ್ದನ್ನು ನಾನು ಮರೆಯೋದಿಲ್ಲ. ಅಂಗಡಿ ಹುಡುಗ ಎಣ್ಣೆ, ಪೆಟ್ರೋಲ್ ಹಾಕಿ 58 ಸಿಸಿಯ ಮಿಷನ್ ಸ್ಟಾರ್ಟ್ ಮಾಡಿದ. ಸದ್ದೇನೋ ಜೋರಾಗಿತ್ತು. ಮೇಸ್ತ್ರಿ ಪೆಟ್ಟಿಗೆಯ ರಟ್ಟಿನ ಒಂದು ತುಂಡು ಹರಿದು ನೆಲಕ್ಕೆ ಹಾಕಿ, ಬಾರಿನ ಮೂತಿಯನ್ನು ಅದರ ಹತ್ತಿರ, ತಾಗದ ಹಾಗೆ ಹಿಡಿದು ರೇಸ್ ಮಾಡಿದರು. ಬಾರಿಗೆ ಎಣ್ಣೆ ಸರಿಯಾಗಿ ಹೋಗುತ್ತಿದ್ದರೆ ತಿರುಗುವ ಚೈನ್ ಅದನ್ನು ಎರಚಿ ರಟ್ಟಿನ ಮೇಲೆ ಸಣ್ಣ ಗೆರೆ ಬೀಳಬೇಕು. ಅರ್ಧ ನಿಮಿಷ ಕಳೆದರೂ ರಟ್ಟು ಒಣಗಿಕೊಂಡೇ ಇತ್ತು. ಹುಡುಗ, 'ಹೊಸದಲ್ವಾ, ಆಮೇಲೆ ಬರುತ್ತೆ' ಅಂದ. ಮೇಸ್ತ್ರಿ, 'ಆಮೇಲೆ ಬರೋದು ಎಣ್ಣೆಯಲ್ಲ ಮಗಾ, ಹೊಗೆ' ಅಂದು ಮಿಷನ್ ಆಫ್ ಮಾಡಿದರು.

ಎರಡನೆಯದು 45 ಸಿಸಿ, 18 ಇಂಚು. ಕೆಲವೇ ಸೆಕೆಂಡಿನಲ್ಲಿ ರಟ್ಟಿನ ಮೇಲೆ ಜಿಡ್ಡಿನ ಗೆರೆ ಮೂಡಿತು. ರೇಸ್ ಬಿಟ್ಟಾಗ ಚೈನ್ ನಿಲ್ಲಬೇಕು. ಇದು ನಿಲ್ಲದೆ ನಿಧಾನಕ್ಕೆ ತೆವಳುತ್ತಿತ್ತು. ಹುಡುಗ ಐಡಲ್ ಸ್ಕ್ರೂ ಒಂದಿಷ್ಟು ತಿರುಗಿಸಿದ, ನಿಂತಿತು. ಮುಂದಿನ ಹಿಡಿಯ ಎದುರಿಗಿರುವ ಬ್ರೇಕನ್ನು ಮೇಸ್ತ್ರಿ ಮಣಿಕಟ್ಟಿನಿಂದ ಮುಂದಕ್ಕೆ ತಳ್ಳಿದರು, ಟಕ್ ಅಂತ ಚೈನ್ ಕಚ್ಚಿಕೊಂಡಿತು. ಇದನ್ನು ಮೂರ್ನಾಲ್ಕು ಸಲ ಮಾಡಿಸಿ ನೋಡಿದರು. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಹಿಂದಕ್ಕೆ, ಹಿಡಿದವರ ಮುಖಕ್ಕೇ ಚಿಮ್ಮುತ್ತೆ. ಆಗ ಮಧ್ಯೆ ಇರೋದು ಈ ಬ್ರೇಕ್ ಒಂದೇ. ಕಡೆಗೆ ಎಂಜಿನ್ ಆಫ್ ಮಾಡಿ, ಚೈನನ್ನು ಬೆರಳಲ್ಲಿ ಎತ್ತಿ ಬಿಟ್ಟು ಬಿಗಿ ನೋಡಿ, ನನ್ನ ಕಡೆ ತಿರುಗಿ 'ಇದನ್ನ ಕಟ್ಟಿಸಿ ಅಕ್ಕ' ಅಂದರು.

ಚೌಕಾಸಿ ಮಾಡಿ 8,200ಕ್ಕೆ ಇಳಿಸಿದೆ. ನಮ್ಮನೆಯವರ ಲೆಕ್ಕದಲ್ಲಿ ಸಿಸಿಯೂ ಕಮ್ಮಿ, ದುಡ್ಡೂ ಜಾಸ್ತಿ.

ದುಬಾರಿ ಮಿಷನ್ ಸುಮ್ಮನೆ ದುಬಾರಿಯಲ್ಲ ಅನ್ನೋದನ್ನೂ ಹೇಳಬೇಕು. ಅದು ಹಗುರ, ಕೈಗೆ ನಡುಕ ಕಮ್ಮಿ, ಬಿಡಿಭಾಗ ಹತ್ತು ವರ್ಷ ಬಿಟ್ಟು ಹೋದರೂ ಸಿಗಬಹುದು. ದಿನವಿಡೀ ಮರ ಕೊಯ್ದು ಹೊಟ್ಟೆ ಹೊರೆಯುವವರು ಅದನ್ನೇ ಕೊಳ್ಳಲಿ. ವರ್ಷಕ್ಕೆ ನಾಲ್ಕಾರು ಮರ ಉರುಳಿಸಿ ಸೌದೆ ತುಂಡು ಮಾಡುವ ನಮ್ಮಂಥವರಿಗೆ ಅಗ್ಗದ್ದು ಸಾಕು, ಆದರೆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದು ಮುಖ್ಯ. ನಾನು ಅದೇ ಅಂಗಡಿಯಲ್ಲಿ ಜಾಲರಿ ಮುಖವಾಡ ಮತ್ತು ಕಿವಿಮುಚ್ಚುಗೆ ಎರಡೂ ಇರುವ ಹೆಲ್ಮೆಟ್, ಇನ್ನೊಂದು ಚೈನ್, ಹಲ್ಲು ಚೂಪು ಮಾಡುವ 4.8 ಮಿಲಿಮೀಟರಿನ ಗುಂಡು ಅರ ಎರಡು, ಬಾರ್ ಎಣ್ಣೆಯ ಕ್ಯಾನು, ದಪ್ಪ ನೈಲಾನ್ ಹಗ್ಗ ನೂರಡಿ ತೆಗೆದುಕೊಂಡೆ. ಸ್ಕೂಟರಿನಿಂದ ಇಳಿಸಿದ ಸುಟ್ಟ ಆಯಿಲ್ ಹಾಕಿದರಾಯಿತು ಅಂತ ಹೇಳುವವರು ಬೇಕಾದಷ್ಟು ಜನ. ಅದರಲ್ಲಿರುವ ಲೋಹದ ಪುಡಿ ಬಾರನ್ನೂ ಪಂಪನ್ನೂ ತಿನ್ನುತ್ತೆ, ಮಿಕ್ಕಿದ್ದು ಕಾಫಿ ಬುಡಕ್ಕೆ.

ಸಿಗದೇ ಹೋದದ್ದು ತೊಡೆ ಕಾಯುವ ಚಾಪ್ಸ್. ಚೈನ್ ತಾಗಿದ ಕೂಡಲೇ ಒಳಗಿನ ಉದ್ದನೆಯ ನಾರುಗಳು ಕಿತ್ತು ಬಂದು ಚಕ್ರಕ್ಕೆ ಸುತ್ತಿಕೊಂಡು ಮಿಷನ್ನನ್ನೇ ನಿಲ್ಲಿಸುವ ಮೇಲುಡುಪು ಅದು. ಕೇಳಿದ್ದಕ್ಕೆ ಮಾಲೀಕರು ಬಹಳ ಪ್ರೀತಿಯಿಂದ ಒಂದು ಜೊತೆ ಗಂಬೂಟು ತೋರಿಸಿದರು. ಮಾರುವವರೇ ನೋಡಿಲ್ಲದ ಮೇಲೆ ಕೊಯ್ಯುವವರು ಎಲ್ಲಿಂದ ಹಾಕಿಕೊಳ್ಳಬೇಕು? ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ಮೇಸ್ತ್ರಿ ಮೊದಲ ದಿನ ಅದನ್ನು ಕಟ್ಟಿಕೊಂಡು 'ಯಕ್ಷಗಾನಕ್ಕೆ ಹೊರಟ ಹಾಗಾಯ್ತು' ಅಂತ ನಕ್ಕರು, ಆದರೆ ಬಿಚ್ಚಲಿಲ್ಲ.

ಇಂಧನದ ಕೆಲಸ ನಾನೇ ವಹಿಸಿಕೊಂಡಿದ್ದೇನೆ. ಈ ಮಿಷನ್‌ಗೆ ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂ-ಟಿ ಆಯಿಲ್, ಅಂದರೆ ಕೆಮ್ಮಿನ ಸಿರಪ್ ಜೊತೆ ಬರುವ 10 ಎಂಎಲ್ ಮುಚ್ಚಳದಲ್ಲಿ ನಾಲ್ಕು. ಕಣ್ಣಂದಾಜಿಗೆ ಸುರಿದರೆ ಒಂದೋ ಹೊಗೆ, ಇಲ್ಲ ಪಿಸ್ಟನ್ ಹಿಡಿದುಕೊಳ್ಳುತ್ತೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೇರೆ ಇದೆ, ಅದು ನೀರನ್ನು ಎಳೆದುಕೊಳ್ಳುತ್ತೆ. ಬಟ್ಟೆ ಒಣಗಿಸಲೂ ಒಲೆ ಹತ್ತಿರ ಹೋಗಬೇಕಾದ ನಮ್ಮ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟರೆ ಕಥೆ ಮುಗಿಯಿತು. ಕೆಲಸ ಮುಗಿದ ದಿನವೇ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ತಾನಾಗಿ ಆಫ್ ಆಗುವವರೆಗೆ ಓಡಿಸಿ ಇಡುತ್ತೇವೆ.

ವಾಲಿದ ಮರ ಇಳಿಸಿದ್ದು ಒಂದು ಭಾನುವಾರ. ಸ್ವಂತ ಜಮೀನಿನ ಸಿಲ್ವರ್ ಓಕ್ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಡ, 1976ರ ಮರ ಸಂರಕ್ಷಣಾ ಕಾಯ್ದೆಯೇ ಅದನ್ನು ಹೊರಗಿಟ್ಟಿದೆ. ಬೀಟೆ, ಹೊನ್ನೆಗೆ ಹಾಗೆ ಕೈ ಹಾಕುವಂತಿಲ್ಲ. ಮೆಸ್ಕಾಂ ಲೈನ್‌ಮ್ಯಾನ್‌ಗೆ ಮೊದಲೇ ಹೇಳಿ ಲೈನ್ ತೆಗೆಸಿದ್ದೆ. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿ ಕಾಫಿ ಸೀಮೆಯಲ್ಲಿ ಪ್ರತಿ ವರ್ಷ ಕೇಳುತ್ತೇವೆ, ನಮ್ಮಲ್ಲಿ ಈಗ ಇರೋದು ಫೈಬರ್ ಏಣಿ. ಮೇಸ್ತ್ರಿಯ ಮಗ ಅದರ ಮೇಲೆ ಹತ್ತಿ ಎತ್ತರಕ್ಕೆ ಹಗ್ಗ ಕಟ್ಟಿ, ಕೈಗೆ ಸಿಕ್ಕ ಕೊಂಬೆಗಳನ್ನು ಕತ್ತಿಯಲ್ಲೇ ಸವರಿದ. ಮಿಷನ್ ಮೇಲಕ್ಕೆ ಕೊಡಲಾ ಅಂತ ಯಾರೋ ಕೇಳಿದ್ದಕ್ಕೆ ಮೇಸ್ತ್ರಿ ಖಡಾಖಂಡಿತ ಹೇಳಿಬಿಟ್ಟರು: 'ಮಿಷನ್ ಮರ ಹತ್ತಲ್ಲ.' ಎರಡೂ ಕೈಯಲ್ಲಿ ಹಿಡಿಯಬೇಕಾದ್ದನ್ನು ಹಿಡಿದರೆ, ಮರವನ್ನು ಹಿಡಿಯೋದು ಯಾವ ಕೈಯಲ್ಲಿ?

ಬುಡ ಹದಿನಾಲ್ಕು ಇಂಚು ದಪ್ಪ. ಬೀಳಬೇಕಾದ ಕಡೆಗೆ ಮೂರೂವರೆ ಇಂಚು ಆಳಕ್ಕೆ ಬಾಯಿ ತೆಗೆದರು, ಕಲ್ಲಂಗಡಿ ಹೋಳಿನ ಹಾಗೆ ಒಂದು ತುಂಡು ಹೊರಬಂತು. ಆಮೇಲೆ ಹಿಂದುಗಡೆಯಿಂದ, ಆ ಬಾಯಿಗಿಂತ ಸ್ವಲ್ಪ ಮೇಲೆ ಕೊಯ್ಯುತ್ತಾ ಬಂದು ಮಧ್ಯೆ ಒಂದೂವರೆ ಇಂಚು ಉಳಿಸಿ ನಿಲ್ಲಿಸಿದರು. ಉಳಿದ ಆ ಪಟ್ಟಿಯೇ ಬಾಗಿಲಿನ ಕೀಲು, ಮರ ಆ ಕೀಲಿನ ಮೇಲೆ ತಿರುಗಿಕೊಂಡು ಇಳಿಯಬೇಕು. ಪೂರ್ತಿ ಕೊಯ್ದರೆ ಅದು ತನಗಿಷ್ಟ ಬಂದ ಕಡೆ ಹೋಗುತ್ತೆ. ಚೈನ್ ಸಿಕ್ಕಿಕೊಳ್ಳದಂತೆ ಹಿಂದಿನ ಸೀಳಿಗೆ ಬೆಣೆ ಹೊಡೆದರು. ಬೋರರ್ ಅನ್ನುವ ಕಾಂಡ ಕೊರೆಯುವ ಹುಳ ಹಿಡಿದು ಕಿತ್ತ ಅರೇಬಿಕಾ ಕಾಫಿ ಗಿಡದ ಕಾಂಡದಿಂದ ಮೇಸ್ತ್ರಿಯೇ ಕೆತ್ತಿದ ಬೆಣೆಗಳು. ಕಬ್ಬಿಣದ್ದಾದರೆ ಚೈನ್ ತಾಗಿದಾಗ ಹಲ್ಲು ಹೋಗುತ್ತೆ. ನಾವು ಹಗ್ಗದ ಇನ್ನೊಂದು ತುದಿಯಲ್ಲಿ, ಮರದ ಉದ್ದಕ್ಕಿಂತ ಆಚೆ ಓರೆಯಾಗಿ ನಿಂತು ಎಳೆದೆವು. ಲಟಲಟ ಸದ್ದು ಮಾಡಿ ಲೈನಿಗೆ ಬೆನ್ನು ತಿರುಗಿಸಿ ಬಿತ್ತು. ಕಾಫಿ ಗಿಡ ಎರಡು ಮುರಿದವು.

ತುಂಡು ಮಾಡುವಾಗ ಪುಡಿಯ ಮೇಲೆ ಕಣ್ಣಿಡಲು ಮೇಸ್ತ್ರಿ ಕಲಿಸಿದರು. ಹಲ್ಲು ಚೂಪಿದ್ದರೆ ಅವಲಕ್ಕಿಯಂಥ ಚೂರು ಬರುತ್ತೆ. ಹಿಟ್ಟಿನಂಥ ಪುಡಿ ಬರಲು ಶುರುವಾದರೆ ನಿಲ್ಲಿಸಿ ಅರ ಹಿಡಿಯಬೇಕು. ಈಗ ಅರ ಹಾಕುವುದು ನನ್ನ ಕೆಲಸ. 72 ಕೊಂಡಿಗೆ 36 ಹಲ್ಲು, ಒಂದು ಎಡಕ್ಕೆ, ಒಂದು ಬಲಕ್ಕೆ. ಸಂಜೆ ಜಗಲಿಯಲ್ಲಿ ಕೂತು ಮೊದಲು ಒಂದು ಕಡೆಯವು, ಆಮೇಲೆ ಇನ್ನೊಂದು ಕಡೆಯವು.

ಈ ಹಲ್ಲಿನ ಆಕಾರಕ್ಕೆ ಒಂದು ಹುಳದ ಋಣವಿದೆ. 1940ರ ದಶಕದಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಅನ್ನುವ ಮರ ಕಡಿಯುವವ, ಮರ ಕೊರೆಯುವ ಹುಳವೊಂದು ತನ್ನ ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಕೊರೆಯುವುದನ್ನು ನೋಡಿ ಚೈನಿನ ಹಲ್ಲನ್ನು ಅದೇ ರೀತಿ ಮಾಡಿದ, ಅದನ್ನು ಮಾರಲು ಕಂಪನಿಯನ್ನೂ ಕಟ್ಟಿದ. ಇವತ್ತಿನ ಚೈನ್‌ಗಳೆಲ್ಲ ಬಹುಮಟ್ಟಿಗೆ ಅದೇ ವಿನ್ಯಾಸ. ಆ ಹುಳ ನಮ್ಮ ಅರೇಬಿಕಾ ತಿನ್ನುವ ಬಿಳಿ ಕಾಂಡಕೊರಕದ ದಾಯಾದಿ, ಉದ್ದ ಮೀಸೆಯ ದುಂಬಿಗಳ ಒಂದೇ ಕುಟುಂಬ. ಮೇಸ್ತ್ರಿಗೆ ಹೇಳಿದೆ. 'ಅವನಿಗೆ ಹುಳ ಕಂಪನಿ ಕೊಡ್ತು, ನಮಗೆ ಬೆಣೆ ಕೊಡ್ತು' ಅಂದರು.

ನಮ್ಮನೆಯವರು ರಜೆಗೆ ಬಂದಾಗ ಮಿಷನ್ ಎತ್ತಿ ನೋಡಿ, ಸ್ಟಿಕ್ಕರ್ ಓದಿ, ಏನೂ ಹೇಳದೆ ಇಟ್ಟರು. ಅಕ್ಕಪಕ್ಕದ ತೋಟದವರು ಮಾತ್ರ ಕೇಳಿಕೊಂಡು ಬರುತ್ತಾರೆ, ಕೊಡುತ್ತೇನೆ. ಹೆಲ್ಮೆಟ್ ಮತ್ತು ಚಾಪ್ಸ್ ಜೊತೆಗೇ ಹೋಗಬೇಕು, ಬೇಡ ಅಂದವರಿಗೆ ಮಿಷನ್ನೂ ಇಲ್ಲ. ಚೈನ್ ಅವರವರದ್ದೇ ತರಬೇಕು. ಮೂಡಿಗೆರೆಯಲ್ಲಿ ಸಿಗುತ್ತೆ.