ಹದಿನಾರೂವರೆ ಮಿಲಿಮೀಟರ್ ಹಳಿಯ ಮೇಲೊಂದು ಆಲ್ಕೋ

20 ಜುಲೈ 2025, ಭಾನುವಾರ
ಬೆಂಗಳೂರು

ಕಡೆಗೂ ಇವತ್ತು ನನ್ನ ಮಾದರಿ ರೈಲಿನ ಎಂಜಿನ್ನಿನ ಹೊದಿಕೆ ಬಿಚ್ಚಿ ಕುಳಿತೆ. ಇದು ಯಾರೋ ಬಳಸಿ ಮಾರಿದ ಅಮೆರಿಕದ ಮಾದರಿ. ನಿಜದ ಎಂಜಿನ್ನಿನ 87ರಲ್ಲೊಂದು ಪಾಲು, ಅಂದರೆ 1:87ರ ಎಚ್‌ಒ ಅಳತೆ, ಆಲ್ಕೋ ಕಂಪನಿಯ ಆರು ಅಚ್ಚಿನ ಡೀಸೆಲ್. ಇದನ್ನು ನಮ್ಮ ಭಾರತೀಯ ರೈಲ್ವೆಯ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2 ಮಾಡಿಯೇ ತೀರಬೇಕೆಂಬುದು ನನ್ನ ಹಠ. ಹೇಗೂ ಒಂದೇ ಕುಲದವು. 1962ರಲ್ಲಿ ಭಾರತಕ್ಕೆ ಬಂದ ಮೊದಲ ಡಬ್ಲ್ಯುಡಿಎಂ-2ಗಳನ್ನು ಕಟ್ಟಿ ಕಳಿಸಿದ್ದೇ ಆಲ್ಕೋ. ಆಮೇಲೆ ವಾರಾಣಸಿಯ ಕಾರ್ಖಾನೆ ಅವನ್ನು ಸಾವಿರಗಟ್ಟಲೆ ತಯಾರಿಸಿತು.

ಹಳಿಯ ವಿಷಯದಲ್ಲಿ ಮಾತ್ರ ರಾಜಿಯಾಗಿದ್ದೇನೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಳಿ 16.5. ಶುದ್ಧವಾದಿಗಳು ಮೂಗು ಮುರಿಯುತ್ತಾರೆ, ಮುರಿಯಲಿ. ಅಷ್ಟು ವ್ಯತ್ಯಾಸಕ್ಕಾಗಿ ಒಂದೊಂದು ಕವಲುಹಳಿಯನ್ನೂ ಕೈಯಲ್ಲೇ ಕಟ್ಟುವಷ್ಟು ವ್ಯವಧಾನ ನನಗಿಲ್ಲ.

ಇವತ್ತಿನ ಮುಖ್ಯ ಕೆಲಸ ಡಿಕೋಡರ್ ಕೂರಿಸುವುದು, ಅಂದರೆ ಹಳಿಯಿಂದ ಬರುವ ಆಜ್ಞೆ ಓದಿ ಮೋಟರ್, ದೀಪಗಳನ್ನು ನಡೆಸುವ ಪುಟ್ಟ ಸರ್ಕ್ಯೂಟ್. ಹಳೆಯ ಪದ್ಧತಿಯಲ್ಲಿ ಗುಂಡಿ ತಿರುಗಿಸಿದಷ್ಟು ವೋಲ್ಟೇಜ್ ಹಳಿಗೆ ಹೋಗುತ್ತದೆ, ಹಳಿಯ ಮೇಲಿರುವ ಎಂಜಿನ್‌ಗಳೆಲ್ಲ ಒಟ್ಟಿಗೇ ಓಡುತ್ತವೆ. ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಹಳಿಗೆ ಸದಾ ಪೂರ್ಣ ವೋಲ್ಟೇಜ್, ಅದರ ಜೊತೆಯಲ್ಲೇ ಆಜ್ಞೆಗಳೂ ಹರಿಯುತ್ತಿರುತ್ತವೆ. ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನಷ್ಟೇ ಡಿಕೋಡರ್ ಪಾಲಿಸುತ್ತದೆ. ಆದರೆ ಹಳೆಯ ಎಂಜಿನ್‌ಗಳಲ್ಲಿ ಒಂದು ತೊಡಕಿದೆ. ಮೋಟರಿಗೆ ವಿದ್ಯುತ್ ಮುಟ್ಟಿಸುವ ಒಂದು ಬ್ರಷ್ ಲೋಹದ ಚೌಕಟ್ಟಿಗೇ ತಾಗಿಕೊಂಡಿದ್ದು, ಆ ಚೌಕಟ್ಟು ಒಂದು ಕಡೆಯ ಹಳಿಗೆ ಸೇರಿರುತ್ತದೆ. ಹಾಗೇ ಬಿಟ್ಟು ವಿದ್ಯುತ್ ಹರಿಸಿದರೆ ಡಿಕೋಡರ್ ಆ ಕ್ಷಣವೇ ಸುಟ್ಟುಹೋಗುತ್ತದೆ. ಮೋಟರ್ ಕಳಚಿ, ಕೆಳಗಿನ ತಾಮ್ರದ ಪಟ್ಟಿ ತೆಗೆದು, ಅಡಿಗೆ ವಿದ್ಯುತ್ ಹರಿಯಗೊಡದ ಕಾಪ್ಟನ್ ಟೇಪ್ ಹಾಸಿ ಮತ್ತೆ ಕೂರಿಸಿದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಚೌಕಟ್ಟಿಗೂ ಇನ್ನೊಂದನ್ನು ಬ್ರಷ್‌ಗೂ ಮುಟ್ಟಿಸಿದರೆ ಬೀಪ್ ಸದ್ದು ಬರಬಾರದು. ಬರಲಿಲ್ಲ.

ಮುಂದಿನದೆಲ್ಲ ಬಣ್ಣದ ಲೆಕ್ಕ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟರಿಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನದು, ನೀಲಿ ಎರಡಕ್ಕೂ ಸಾಮಾನ್ಯ. ಹಳೆಯ ಬಲ್ಬು ಕಿತ್ತು ಎಲ್‌ಇಡಿ ಹಾಕಿ, ಪ್ರತಿಯೊಂದಕ್ಕೂ ಎಸ್.ಪಿ. ರಸ್ತೆಯಿಂದ ತಂದಿದ್ದ ಒಂದು ಕಿಲೋ ಓಮ್ ರೆಸಿಸ್ಟರ್ ಬೆಸೆದೆ. ಡಿಕೋಡರಿನ ಹೊಂದಾಣಿಕೆ ಬರೆಯಲೆಂದೇ ಇರುವ ಪ್ರೋಗ್ರಾಮಿಂಗ್ ಹಳಿಯ ಮೇಲೆ ಇಟ್ಟಾಗ ಡಿಕೋಡರ್ ಮರುಮಾತಾಡಿತು. ಮೊದಲ ಸಲ ಇಡುವುದು ಅಲ್ಲೇ ಆಗಬೇಕು. ಅಲ್ಲಿ ವಿದ್ಯುತ್ ಹರಿವು ಮಿತವಾಗಿರುವುದರಿಂದ ವೈರ್ ಎಲ್ಲಾದರೂ ಅದಲುಬದಲಾಗಿದ್ದರೂ ಸಾಮಾನ್ಯವಾಗಿ ಏನೂ ಸುಡುವುದಿಲ್ಲ.

ವಿಳಾಸ ಕೊಡುವಾಗ ಒಂದು ತಮಾಷೆ. ನನ್ನ ಎಂಜಿನ್ನಿಗೆ 18040 ಎಂದು ಬರೆಯಬೇಕೆಂದಿದ್ದೇನೆ. ಡಬ್ಲ್ಯುಡಿಎಂ-2ಗಳಲ್ಲಿ ಅದೇ ಮೊದಲನೆಯದು, ಈಗ ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಡಿಸಿಸಿಗೆ ಅಷ್ಟು ದೊಡ್ಡ ವಿಳಾಸ ನುಂಗಲಾಗದು. ಕೊನೆಯ ನಾಲ್ಕು ಅಂಕಿ, 8040, ಸಾಕೆಂದುಕೊಂಡೆ. ಡಿಕೋಡರಿನಲ್ಲಿ ಒಂದೊಂದು ಹೊಂದಾಣಿಕೆಗೂ ಸಿವಿ ಎಂಬ ಒಂದೊಂದು ಖಾನೆ. ಸಿವಿ 29ಕ್ಕೆ 38 ಬರೆದರೆ ಇಂಥ ಉದ್ದ ವಿಳಾಸ ಜಾರಿಗೆ ಬರುತ್ತದೆ. ನಾನು 39 ಬರೆದೆ. ಆ ಒಂದು ಹೆಚ್ಚಾದರೆ ಮುಂದು ಹಿಂದಾಗುತ್ತದೆ, ದೀಪಗಳೂ ಸೇರಿ. ಲೆವೆಲ್ ಕ್ರಾಸಿಂಗ್‌ಗಳಲ್ಲಿ ನಿಂತು ನಾನು ಕಂಡ ಆಲ್ಕೋಗಳು ಹೆಚ್ಚಾಗಿ ಚಾಲಕನ ಕೋಣೆ ಹಿಂದಾಗಿ, ಉದ್ದ ಮೂತಿ ಮುಂದೆ ಮಾಡಿಕೊಂಡೇ ಬರುತ್ತಿದ್ದವು. ಚಾಲಕರಿಗೆ ದಾರಿ ಸರಿಯಾಗಿ ಕಾಣದೆ ಎಷ್ಟು ಕಷ್ಟವಾಗುತ್ತಿತ್ತೋ, ನೋಡುವ ನನಗಂತೂ ಅದೇ ಚಂದ.

ಸಂಜೆಯೆಲ್ಲ ವೇಗ ಹೊಂದಿಸುವುದರಲ್ಲಿ ಕಳೆಯಿತು. ಹಬ್ಬದ ಜಾತ್ರೆಯಲ್ಲಿ ಬಿಟ್ಟ ಗಿರಿಗಿಟ್ಟಲೆಯಂತೆ ಓಡುವ ಮಾದರಿ ರೈಲು ಕಂಡರೆ ನನಗೆ ಆಗುವುದಿಲ್ಲ. ನಿಜವಾದ ಡಬ್ಲ್ಯುಡಿಎಂ-2ರ ಗರಿಷ್ಠ ವೇಗ ಗಂಟೆಗೆ 120 ಕಿಲೋಮೀಟರ್. ಈ ಅಳತೆಯಲ್ಲಿ ಅದು ಒಂದು ಮೀಟರ್ ಹಳಿಯನ್ನು ಸುಮಾರು 2.6 ಸೆಕೆಂಡಿನಲ್ಲಿ ದಾಟಿದಂತೆ. ಗಂಟೆಗೆ 10 ಕಿಲೋಮೀಟರಿನಲ್ಲಿ ಯಾರ್ಡಿನೊಳಗೆ ತೆವಳುವಾಗ ಅದೇ ಮೀಟರಿಗೆ 31 ಸೆಕೆಂಡ್ ಬೇಕು. ಜೋರಾಗಿ ಎಂಥ ಎಂಜಿನ್ ಬೇಕಾದರೂ ಓಡುತ್ತದೆ. ಈ 31 ಸೆಕೆಂಡನ್ನು ತಡವರಿಸದೆ ದಾಟಿದರೆ ಮಾತ್ರ ಅದನ್ನು ಎಂಜಿನ್ ಎನ್ನುತ್ತೇನೆ. ಸಿವಿ 5 ತಗ್ಗಿಸಿ ಗರಿಷ್ಠ ವೇಗಕ್ಕೆ ಮೂಗುದಾರ ಹಾಕಿದೆ. ಗಾಲಿ ಆಗತಾನೇ ಅಲುಗುವ ಮಟ್ಟಕ್ಕೆ ಸಿವಿ 2 ಏರಿಸಿದೆ. ಸಿವಿ 3 ಹೆಚ್ಚಿಸಿದ ಮೇಲೆ ಹೊರಡುವಾಗ ಭಾರದ ಗಾಡಿ ಎಳೆಯುವ ಗತ್ತು ಬಂತು.

ಆದರೂ ಒಂದೇ ಜಾಗದಲ್ಲಿ ಮುಗ್ಗರಿಸುತ್ತಿತ್ತು. ಅದಕ್ಕೆ ಸಿವಿಯಲ್ಲಿ ಮದ್ದಿಲ್ಲ. ಮಳೆಗಾಲದ ತೇವಕ್ಕೆ ಹಳಿಯ ಮೇಲೆ ಕಿಲುಬು ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆ ಕಪ್ಪಾಗಿ ಬಂತು. ಗಾಲಿಗಳನ್ನೂ ಒರೆಸಿದ ಮೇಲೆ ಸಲೀಸಾಗಿ ದಾಟಿತು. ಪಕ್ಕದ ಮನೆಯ ಹುಡುಗ ಬಂದು ಸ್ವಲ್ಪ ಹೊತ್ತು ನೋಡಿ, “ಅಂಕಲ್, ಇದು ಜೋರಾಗಿ ಹೋಗುವುದಿಲ್ಲವಾ?” ಎಂದು ಕೇಳಿದ. ಹೋಗುತ್ತದೆ, ಆದರೆ ಬಿಡುವುದಿಲ್ಲ ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಬಫರ್, ರೇಲಿಂಗ್, ಬಣ್ಣ ಎಲ್ಲ ಬಾಕಿ ಇವೆ. ಸಿವಿ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಹೊದಿಕೆಯ ಒಳಮೈಗೆ ಅಂಟಿಸಿದ್ದೇನೆ. ಬಹಳಷ್ಟು ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಎಂದು ಬರೆದರೆ ಎಲ್ಲ ಅಳಿಸಿಹೋಗಿ ವಿಳಾಸ ಮತ್ತೆ ಕಾರ್ಖಾನೆಯಿಂದ ಬಂದಾಗಿನ 3ಕ್ಕೇ ಬಂದು ನಿಲ್ಲುತ್ತದೆ.